ಮರ್ರಕೇಶಿಗೆ ಹೋದ ಹೆಬ್ಬಾವಿನ ಕಥೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೇಕಾದರೆ ಮನೆದೇವರ ಮೇಲೆ ಆಣೆ ಇಡುತ್ತೇನೆ. ಕೆಲವರ ಬಾಳಿನಲ್ಲಿ ವರ್ಷಕ್ಕೊಂದು ತಮಾಷೆ ನಡೆದರೆ ಹೆಚ್ಚು. ನನಗೆ ಹಾಗಲ್ಲ, ಕ್ಯಾನ್ಸರ್ ಆಸ್ಪತ್ರೆಗೆ ಹೋದರೂ ಅಲ್ಲೊಂದು ನನಗೋಸ್ಕರ ಕುರ್ಚಿ ಹಾಕಿಕೊಂಡು ಕಾಯುತ್ತಿರುತ್ತದೆ.

೧. ಡಾಕ್ಟರ ಮುಂದೆ

ಡಾಕ್ಟರಮ್ಮ ನನ್ನ ಮಗಳಿಗಿಂತ ಚಿಕ್ಕವಳು. ಕಂಪ್ಯೂಟರ್ ಕಡೆ ನೋಡುತ್ತಲೇ, "ಅಂಕಲ್, ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕಾಗುತ್ತೆ. ಜೀವ ಉಳಿಯುತ್ತೆ, ಮಾತು ಉಳಿಯೋದಿಲ್ಲ" ಅಂದಳು.

ಪಕ್ಕದಲ್ಲಿದ್ದ ನನ್ನ ಹೆಂಡತಿ, "ಪೂರ್ತಿ ಹೋಗುತ್ತಾ ಡಾಕ್ಟ್ರೇ?" ಅಂದಳು. ಆ ದನಿಯಲ್ಲಿದ್ದದ್ದು ಭಯವೋ ಆಸೆಯೋ, ನನಗಿನ್ನೂ ತೀರ್ಮಾನವಾಗಿಲ್ಲ.

ಆಪರೇಷನ್ನಿಗೆ ಮೂರು ವಾರವಿತ್ತು. ನನ್ನ ಚಿಂತೆ ಒಂದೇ, ನನ್ನ ಹೆಬ್ಬಾವಿನ ಕಥೆ. ಹಿಂದೆ ಸಿಂಗಪುರದ ಗಡಿ ಬಡಾವಣೆ ವುಡ್‌ಲ್ಯಾಂಡ್ಸ್‌ನಲ್ಲಿದ್ದಾಗ ಬ್ಲಾಕಿನ ಹಿಂದಿನ ಮೋರಿಯಲ್ಲಿ ನಾನೊಂದು ಹೆಬ್ಬಾವಿನ ಬಾಲ ಹಿಡಿದೆ. ಇಡೀ ಸಿಂಗಪುರದಲ್ಲಿ ಇಂಥ ಕಥೆ ಇನ್ನೊಂದಿಲ್ಲ. ಆದರೆ ಮೂವತ್ತು ವರ್ಷದಿಂದ ಹೇಳುತ್ತಿದ್ದರೂ ಕೊನೆಯವರೆಗೂ ಕೇಳಿದ ಒಬ್ಬನೇ ಒಬ್ಬ ಪ್ರಾಣಿಯಿಲ್ಲ. ಬಾಲ ಹಿಡಿದೆ ಅನ್ನುವಷ್ಟರಲ್ಲಿ ಹೆಂಡತಿ ಕುಕ್ಕರ್ ಆಫ್ ಮಾಡಲು ಏಳುತ್ತಾಳೆ, ಮಗಳಿಗೆ ಫೋನ್ ಬರುತ್ತದೆ. ಮೊಮ್ಮಗಳಂತೂ ನೇರವಾಗಿ, "ತಾತ, ಟೂ ಲಾಂಗ್ ಲಾ!" ಅಂತಾಳೆ.

ದನಿ ಹೋಗುವ ಮೊದಲು ಒಂದೇ ಒಂದು ಸಲ ಯಾರಾದರೂ ಅದನ್ನು ಕೊನೆಯವರೆಗೂ ಕೇಳಬೇಕು. ಮೊರಾಕ್ಕೋದ ಮರ್ರಕೇಶ್ ಊರಲ್ಲಿ ದೊಡ್ಡ ಚೌಕವಿದೆಯಂತೆ, ಅಲ್ಲಿ ಜನ ಸುತ್ತ ನಿಂತು ಕಥೆ ಕೇಳುತ್ತಾರಂತೆ. ಅಲ್ಲಿಗೆ ಹೋಗುತ್ತೇನೆ ಅಂದೆ.

"ಯಾವ ಕಥೆ ಅಂಕಲ್?" ಅಂದಳು ಡಾಕ್ಟರಮ್ಮ, ಪಾಪ, ಮರ್ಯಾದೆಗೆ. ಶುರು ಮಾಡಿದೆ. ಬಾಲ ಹಿಡಿಯುವಷ್ಟರಲ್ಲಿ ಬಾಗಿಲ ಮೇಲೆ ಮುಂದಿನ ಟೋಕನ್ ನಂಬರ್ ಹತ್ತಿತು.

೨. ಪ್ರವಾಸದ ಉದ್ದೇಶ

ಸೆಂಗ್‌ಕಾಂಗ್‌ನ ತನ್ನ ಮನೆಯಿಂದ ಮಗಳು ಓಡಿಬಂದಳು. "ಅಪ್ಪಾ, ನಿಮಗೇನು ತಲೆ ಕೆಟ್ಟಿದ್ಯಾ? ಈ ಟೈಮಲ್ಲಿ ಸೋಲೋ ಟ್ರಿಪ್ ಬುಕ್ ಮಾಡಿದೀರಾ! ಅಮ್ಮನ್ನಾದ್ರೂ ಕರ್ಕೊಂಡು ಹೋಗಿ."

"ನಿಮ್ಮಮ್ಮ ಬಂದರೆ ದಾರಿಯುದ್ದಕ್ಕೂ 'ಗಂಟಲು ನೋಯುತ್ತೆ, ಸುಮ್ಮನಿರ್ರೀ' ಅಂತಾಳೆ. ಸುಮ್ಮನಿರೋದಕ್ಕೆ ಟಿಕೆಟ್ ಯಾಕೆ? ಇನ್ನು ಮೂರು ವಾರಕ್ಕೆ ಅದು ಇಲ್ಲೇ ಸಿಗುತ್ತೆ" ಅಂದೆ. ಮಗಳು ಮುಖ ತಿರುಗಿಸಿಕೊಂಡು ಅತ್ತಳು. ಹೆಂಡತಿ ಚಟ್ನಿಪುಡಿ ಕಟ್ಟಿಕೊಟ್ಟಳು.

ಮರ್ರಕೇಶ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕೇಳಿದ, "ಯಾಕೆ ಬಂದಿರಿ?"

"ಮಾತಾಡೋಕೆ."

"ಯಾರ ಜೊತೆ?"

"ಯಾರಾದರೂ ಸರಿ."

ಅವನು ಇನ್ನೊಬ್ಬನನ್ನು ಕರೆದ. ಅವನಿಗೂ ನನ್ನ ಇಂಗ್ಲಿಷ್ ಅರ್ಥವಾಗದೆ ಮೂರನೆಯವನನ್ನು ಕರೆದ. ಮೂರು ಜನ ಶ್ರೋತೃಗಳು, ಅದೂ ಸಮವಸ್ತ್ರದಲ್ಲಿ! ಇಂಥ ಸಭೆ ನನಗೆ ನಮ್ಮ ಮನೆಯಿರುವ ಟ್ಯಾಂಪಿನೀಸ್‌ನಲ್ಲೂ ಸಿಕ್ಕಿರಲಿಲ್ಲ. ತಡಮಾಡದೆ ಶುರು ಮಾಡಿದೆ. ಬಾಲದ ಹತ್ತಿರ ಬರುವಷ್ಟರಲ್ಲಿ ಮೂರನೆಯವನು ಠಪ್ಪನೆ ಮುದ್ರೆ ಒತ್ತಿದ. ಒಂದು ತಿಂಗಳು ದೇಶದಲ್ಲಿ ಎಲ್ಲಿ ಬೇಕಾದರೂ ಇರಬಹುದಂತೆ, ಆ ಕೌಂಟರಿನ ಮುಂದೆ ಬಿಟ್ಟು.

೩. ಟಿಶ್ಯೂ ಪೊಟ್ಟಣ

ಸಿಂಗಪುರದ ಸಾಲು ಊಟದಂಗಡಿಗಳ ಹಾಕರ್ ಸೆಂಟರ್‌ಗಳಲ್ಲಿ ಒಂದು ಪದ್ಧತಿಯಿದೆ. ಊಟ ತರಲು ಹೋಗುವ ಮೊದಲು ಮೇಜಿನ ಮೇಲೊಂದು ಟಿಶ್ಯೂ ಪೊಟ್ಟಣ ಇಟ್ಟರೆ ಆ ಜಾಗ ನಿಮ್ಮದು. ನಮ್ಮಲ್ಲಿ ಆಸ್ತಿಪತ್ರಕ್ಕೂ ಇಲ್ಲದ ಬೆಲೆ ಅದಕ್ಕಿದೆ.

ಚೌಕದ ಸೂಪಿನ ಅಂಗಡಿಯಲ್ಲಿ ಬೆಂಚಿನ ಮೇಲೆ ಅಭ್ಯಾಸಬಲದಿಂದ ಪೊಟ್ಟಣ ಇಟ್ಟು ಹೋದೆ. ಸೂಪಿನಲ್ಲಿ ಮಾಂಸವಿಲ್ಲ ಅಂತ ಮೂರು ಸಲ ಪ್ರಮಾಣ ಮಾಡಿಸಿಕೊಂಡು ಬರುವಷ್ಟರಲ್ಲಿ ನನ್ನ ಜಾಗದಲ್ಲಿ ಎಮ್ಮೆಯಂಥ ಆಸಾಮಿಯೊಬ್ಬ ಕೂತು, ನನ್ನ ಟಿಶ್ಯೂವಿನಲ್ಲಿ ಮೂಗು ಒರೆಸುತ್ತಿದ್ದ. ನನ್ನನ್ನು ಕಂಡು ಎದೆಯ ಮೇಲೆ ಕೈಯಿಟ್ಟು ವಂದಿಸಿದ. ಯಾರೋ ಪುಣ್ಯಾತ್ಮ ನೆಗಡಿಯವರಿಗೆ ಅಂತ ದಾನ ಇಟ್ಟಿದ್ದು ಅಂದುಕೊಂಡಿದ್ದನೇನೋ. ಪ್ರತಿಯಾಗಿ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದುಕೊಟ್ಟ.

ಕಥೆ ಹೇಳೋಣ ಅಂತ ಬಾಯಿ ತೆರೆದೆ. ಅವನು ಆಕ್ಷಿ ಅಂದು ಎದ್ದು ಹೊರಟ, ಉಳಿದ ಟಿಶ್ಯೂವನ್ನೂ ಜೇಬಿಗೆ ಹಾಕಿಕೊಂಡು.

೪. ಮೂಕಾಭಿನಯ

ನಾನು ಸಿಂಗಪುರದ ನೆಲದಡಿ ಸುರಂಗ ಕೊರೆಸಿದ ಎಂಜಿನಿಯರ್. ನನಗೆ ದಾರಿ ತಪ್ಪುವುದೇ? ಮೂರನೆಯ ದಿನ ಹಳೇ ಊರಿನ ಓಣಿಗಳಲ್ಲಿ ಒಂದೇ ಚಪ್ಪಲಿ ಅಂಗಡಿಯ ಮುಂದೆ ನಾಲ್ಕು ಸಲ ಬಂದೆ, ಅಷ್ಟೇ. ನಾಲ್ಕನೇ ಸಲ ಅಂಗಡಿಯವನು ಪುದೀನ ಚಹಾ ಕೊಟ್ಟು ಕೂರಿಸಿದ.

ವಸತಿಗೃಹದ ದಾರಿ ಕೇಳೋಣ ಅಂತ ಬಾಯಿ ತೆರೆದರೆ ದನಿಯೇ ಇಲ್ಲ. ಬರೀ ಗಾಳಿ, ಪಂಕ್ಚರ್ ಆದ ಸೈಕಲ್ ಟ್ಯೂಬಿನ ಹಾಗೆ. ಕೆಮ್ಮಿ ಮತ್ತೆ ನೋಡಿದೆ, ಅದೇ ಗಾಳಿ. ಮೂರು ವಾರ ಅಂದಿದ್ದರಲ್ಲ, ಇನ್ನೂ ಒಂದೂ ಮುಗಿದಿಲ್ಲ.

ಕೈಸನ್ನೆ ಮಾಡಿದೆ. ನಮ್ಮ ವಸತಿಗೃಹದ ಅಂಗಳದಲ್ಲಿ ನೀರಿನ ಕಾರಂಜಿ ಇತ್ತು. ತಲೆಯ ಮೇಲಿಂದ ನೀರು ಚಿಮ್ಮಿ ಬೀಳುವ ಹಾಗೆ ಅಭಿನಯಿಸಿದೆ. ಅಂಗಡಿಯವನಿಗೆ ಥಟ್ಟನೆ ಹೊಳೆಯಿತು. ಕೈ ಹಿಡಿದು ಕರೆದುಕೊಂಡು ಹೋಗಿ ಬಿಟ್ಟದ್ದು ಊರಿನ ಸ್ನಾನದ ಮನೆಗೆ.

ಅಲ್ಲೊಬ್ಬ ಪೈಲ್ವಾನ ನನ್ನನ್ನು ಬಿಸಿಕಲ್ಲಿನ ಮೇಲೆ ಮಲಗಿಸಿ, ಒರಟು ಕೈಗವಸು ತೊಟ್ಟು ಉಜ್ಜಲು ಶುರು ಮಾಡಿದ. 'ಸಾಕು' ಅನ್ನಲು ದನಿಯಿಲ್ಲ. ಬೇಡ ಅಂತ ಕೈ ಬೀಸಿದರೆ, ಆ ಕೈಯನ್ನೂ ಹಿಡಿದು ಉಜ್ಜಿದ. ಮೂವತ್ತು ವರ್ಷದ ಟ್ಯಾಂಪಿನೀಸ್ ಬಿಸಿಲು ಒಂದೇ ಏಟಿಗೆ ಇಳಿದುಹೋಯಿತು.

ಸಂಜೆ ದನಿ ಗೊರಗೊರ ಅಂತ ವಾಪಸು ಬಂತು. ಹೆಂಡತಿ ಫೋನಿನಲ್ಲಿ, "ಏನ್ರೀ, ದನಿ ಹೀಗಿದೆ?" ಅಂದಳು.

"ನೆಟ್‌ವರ್ಕ್ ಸರಿಯಿಲ್ಲ."

"ನನಗೆ ಸರಿಯಾಗೇ ಕೇಳಿಸ್ತಿದೆ" ಅಂದಳು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ನೆಟ್‌ವರ್ಕನ್ನು ಬೈದೆವು.

೫. ಇನ್ನೂರು ಜನರ ಸಭೆ

ಇನ್ನು ಕಾಯುವಂತಿರಲಿಲ್ಲ. ಮರುದಿನ ಹೊತ್ತಿಳಿಯುವಾಗ ಚೌಕಕ್ಕೆ ಹೋದೆ. ಬಿಳಿ ಗಡ್ಡದ ಮುದುಕನೊಬ್ಬ ಕಥೆ ಮುಗಿಸಿ ನೀರು ಕುಡಿಯುತ್ತಿದ್ದ. ಸುತ್ತ ಇನ್ನೂರು ಜನ. ಕೈಮುಗಿದು ನನ್ನ ಗಂಟಲು ತೋರಿಸಿದೆ, ಅವನ ಸ್ಟೂಲು ತೋರಿಸಿದೆ. ಏನರ್ಥವಾಯಿತೋ, ಎದ್ದು ಜಾಗ ಕೊಟ್ಟ.

ಕನ್ನಡದಲ್ಲೇ ಹೇಳಿದೆ. ಇಂಗ್ಲಿಷಿನಲ್ಲಿ ನನ್ನ ಹೆಬ್ಬಾವು ಯಾವಾಗಲೂ ಹಗ್ಗದ ಹಾಗೆ ಬಿದ್ದಿರುತ್ತದೆ. ನಾನು ಉಸಿರಿಗೆ ನಿಂತಾಗಲೆಲ್ಲ ಮುದುಕ ಅರಬ್ಬಿಯಲ್ಲಿ ಜನಕ್ಕೆ ಬಿಡಿಸಿ ಹೇಳುತ್ತಿದ್ದ. ಬಾಲ ಹಿಡಿದೆ. ಯಾರೂ ಕದಲಲಿಲ್ಲ! ಹಾವು ನನ್ನನ್ನು ಎಳೆದುಕೊಂಡು ಹೋಯಿತು. ಜನ ಹೋ ಅಂದರು. ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ದನಿ ಹರಿದು ಚಿಂದಿಯಾದರೂ ಬಿಡದೆ ಕೊನೇ ಮಾತಿನವರೆಗೂ ಹೇಳಿದೆ. ಚಪ್ಪಾಳೆಯೋ ಚಪ್ಪಾಳೆ.

ಇಂಗ್ಲಿಷ್ ಬಲ್ಲ ಮೇಡಂ ಒಬ್ಬರು ಹತ್ತಿರ ಬಂದು ನನ್ನ ಕೈಗೊಂದು ಕಿತ್ತಳೆ ಇಟ್ಟರು. "ತುಂಬಾ ದುಃಖದ ಕಥೆ. ನಿಮ್ಮ ಏಳೂ ಹೆಂಡತಿಯರನ್ನು ಒಂಟೆ ಕಳ್ಳರು ಹೊತ್ತುಕೊಂಡು ಹೋದದ್ದು..."

"ಮೇಡಂ, ಹೆಬ್ಬಾವು?"

"ಯಾವ ಹೆಬ್ಬಾವು?"

ಮುದುಕನ ಕಡೆ ತಿರುಗಿದೆ. ಅವನು ಕಣ್ಣು ಮಿಟುಕಿಸಿದ. ನನಗಿಂತ ದೊಡ್ಡವನು ಭೂಮಿಯ ಮೇಲೊಬ್ಬನಿದ್ದಾನೆ ಅಂತ ಅವತ್ತೇ ಒಪ್ಪಿಕೊಂಡೆ. ಕಾಲಿಗೆ ನಮಸ್ಕಾರ ಮಾಡಿ ಬಂದೆ.

ವಾಪಸು ಬಂದೆ, ಆಪರೇಷನ್ ಆಯಿತು. ಈಗ ಉಸಿರು ಓಡಾಡುವುದು ಕತ್ತಿನ ತೂತಿನಲ್ಲಿ. ಆಸ್ಪತ್ರೆಯಲ್ಲಿ ನಾಲ್ಕನೇ ದಿನ ಹೆಂಡತಿ ಸ್ಟೂಲು ಎಳೆದುಕೊಂಡು ಕೂತಳು. ನನ್ನ ಹೊದಿಕೆ ಸರಿಮಾಡಿ, "ರೀ, ಬಾಲ ಹಿಡಿದಮೇಲೆ ಏನಾಯ್ತು?" ಅಂದಳು.

ಮೂವತ್ತು ವರ್ಷ ಬಿಟ್ಟು, ಇವತ್ತು!

ನೋಟ್‌ಬುಕ್ ತೆಗೆದು ಹನ್ನೊಂದು ಪುಟ ಬರೆದೆ. ಅವಳು ಕನ್ನಡಕ ಹಾಕಿಕೊಂಡು ಒಂದು ಸಾಲೂ ಬಿಡದೆ ಓದಿದಳು. ನರ್ಸ್ ಕರೆದರೂ ಏಳಲಿಲ್ಲ. ಕೊನೆಗೆ ತಲೆಯೆತ್ತಿ, "ಹಾವು ನಿಮ್ಮ ಕೈ ಬಿಡಿಸಿಕೊಂಡು ಬಸ್ ಹತ್ತಿ ಗಡಿಯಾಚೆ ಮಲೇಷ್ಯಾದ ಜೊಹೊರ್‌ಗೆ ಹೊರಟುಹೋಯ್ತಾ?" ಅಂದಳು.

ಹೌದು ಅಂತ ತಲೆಯಾಡಿಸಿದೆ.

"ಪಾಸ್‌ಪೋರ್ಟ್ ಇತ್ತಾ ಅದಕ್ಕೆ?"

ನಕ್ಕೆ. ಈಗ ನಕ್ಕರೆ ಶಬ್ದ ಬರುವುದಿಲ್ಲ, ಕತ್ತಿನಿಂದ ಪುಸುಪುಸು ಗಾಳಿ ಬರುತ್ತದೆ. ಅದನ್ನು ನೋಡಿ ಅವಳೂ ನಕ್ಕಳು, ಅತ್ತಳು, ಮತ್ತೆ ನಕ್ಕಳು.

ಇದನ್ನು ಬರೆಯುವಾಗಲೂ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. "ಇನ್ನೂರು ಜನಾನಾ? ನಿಜ ಹೇಳಿ" ಅಂತ ಪೆನ್ನು ಹಿಡಿದುಕೊಂಡುಬಿಟ್ಟಳು. ಸರಿ, ಅದೊಂದು ಸಣ್ಣ ವಿವರ ಮಾತ್ರ ನಾನು ಸೇರಿಸಿದ್ದು. ಹದಿನಾಲ್ಕು.

ಕತ್ತೆಯೂ ಸೇರಿ.