ಕಾರಿನೊಳಗೊಂದು ಗಾನ ಕಚೇರಿ

ನಮ್ಮ ಮನೆಯಲ್ಲಿ ನನ್ನ ವಿದ್ಯೆಗೆ ಮೂರು ಕಾಸಿನ ಬೆಲೆಯಿಲ್ಲ. ಇಪ್ಪತ್ತೆರಡು ವರ್ಷದಿಂದ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತ, ತರಂಗಗಳನ್ನು ಅರೆದು ಕುಡಿದ ಮಹಾನುಭಾವ ನಾನು. (ವಿದ್ಯಾರ್ಥಿಗಳು ತೂಕಡಿಸುವುದು ಕಿಟಕಿಯ ತಂಗಾಳಿಯಿಂದ.) ಆದರೂ ಹೊಸ ಕಾರಿನ ಬ್ಲೂಟೂತಿಗೆ ಫೋನ್ ಜೋಡಿಸುವ ಮಾತು ಬಂದಾಗ ನನ್ನ ಹೆಂಡತಿ ಹೇಳಿದ್ದೇನು?

"ಪಕ್ಕದ್ಮನೆ ಡೆಂಟಿಸ್ಟ್‌ನ ಕೇಳೋಣ್ವಾ ರೀ?"

"ಹೆಸರಲ್ಲಿ ಟೂತ್ ಇದೆ ಅಂತ ಹಲ್ಲಿನ ಡಾಕ್ಟರ್ ಬೇಕಾ? ನಾನಿಲ್ವಾ?"

ಹಾಡು ಬೇಕಾಗಿದ್ದುದು ನನ್ನ ಮಾವನವರಿಗಾಗಿ. ನಲವತ್ತು ವರ್ಷ ಸಂಗೀತ ಪಾಠ ಹೇಳಿದವರು, ಮೂರು ತಿಂಗಳ ಹಿಂದೆ ಜಾರಿಬಿದ್ದು ಭುಜ ಮುರಿದುಕೊಂಡು, ಶಿಷ್ಯರನ್ನೆಲ್ಲ ಬಿಡಿಸಿ ನಮ್ಮ ಮನೆ ಸೇರಿದ್ದರು. ಮೂಳೆಯೇನೋ ಕೂಡಿತ್ತು, ಮನಸ್ಸು ಕೂಡಿರಲಿಲ್ಲ. ಏನು ಕೇಳಿದರೂ "ಇನ್ನೇನಿದೆ ಬಿಡಮ್ಮ ನಂದು" ಎಂಬ ಒಂದೇ ಪಲ್ಲವಿ. ಅಂದು ಅವರನ್ನು ಕೊನೆಯ ತಪಾಸಣೆಗೆ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ದಾರಿಯಲ್ಲಿ ಮೆಚ್ಚಿನ ಹಾಡು ಕೇಳಿದರೆ ಒಂದಿಷ್ಟು ಗೆಲುವಾದಾರೆಂದು ಹೆಂಡತಿ ಇಪ್ಪತ್ತು ಹಾಡು ಹುಡುಕಿ ನನ್ನ ಫೋನಿಗೆ ತುಂಬಿದ್ದಳು.

ಮಾವನವರು ಹಿಂದಿನ ಸೀಟಿನಲ್ಲಿ ಕಿಟಕಿಯತ್ತ ಮುಖಮಾಡಿ ಕುಳಿತರು. ಹೆಂಡತಿ ಸ್ಟಿಯರಿಂಗ್ ಹಿಡಿದಳು. ನಾನು ವಿಜ್ಞಾನಯಜ್ಞ ಆರಂಭಿಸಿದೆ. ಐದು ನಿಮಿಷವಾಯಿತು. ಕಾರು, ಫೋನು ಎರಡೂ ಮಾತುಬಿಟ್ಟ ಓರಗಿತ್ತಿಯರಂತೆ ಬಿಗಿದುಕೊಂಡೇ ಇದ್ದವು.

"ಫೋನಲ್ಲಿ ಬ್ಲೂಟೂತ್ ಆನ್ ಮಾಡಿದೀರಾ?"

"ಇದು ಕಂಪನಾಂಕದ ಸೂಕ್ಷ್ಮ ವಿಚಾರ. ನಿಂಗೆ ಅರ್ಥ ಆಗಲ್ಲ."

"ಆನ್ ಮಾಡಿದೀರಾ ಅಂತ ಕೇಳ್ದೆ."

ಮಾಡಿರಲಿಲ್ಲ. ಮಾಡಿದೆ. ಆರಂಕಿಯ ಒಂದು ಸಂಖ್ಯೆ ಎರಡೂ ಪರದೆಗಳ ಮೇಲೆ ಮೂಡಿ, ಒಂದೇ ತಾನೇ ಎಂದು ಕೇಳಿತು. ವಿಜ್ಞಾನಿಯಾದವನು ಅವಸರಪಡಬಾರದು. ಮೂರು ಸಲ ತಾಳೆ ನೋಡಿ ಮುಗಿಸುವಷ್ಟರಲ್ಲಿ ಸಮಯ ಮೀರಿ ಸಂಖ್ಯೆ ಮಾಯವಾಯಿತು. ಎರಡನೆಯ ಸಲ ಹೆಂಡತಿಯೇ ಕೈಚಾಚಿ ಎರಡು ಕಡೆಯೂ 'ಹೌದು' ಒತ್ತಿದಳು. ಸಂಬಂಧ ಕೂಡಿತು! ಕಾರು ಹೊರಟಿತು. ಹಾಡು ಮಾತ್ರ ಹೊರಡಲಿಲ್ಲ. ದಾರಿಯುದ್ದಕ್ಕೂ ಸಿಕ್ಕಿದ್ದನ್ನೆಲ್ಲ ಒತ್ತಿದೆ, ವಾಲ್ಯೂಮನ್ನು ತುದಿಯವರೆಗೆ ತಿರುಗಿಸಿದೆ.

ಸಿಗ್ನಲ್ಲಿನಲ್ಲಿ ನಿಂತಾಗ ಒಮ್ಮೆಲೇ ಕಾರು ಅರಚಿತು.

ಅದು ಹೆಂಡತಿ ತುಂಬಿದ ಹಾಡಲ್ಲ. ಹಿಂದಿನ ಭಾನುವಾರ ಬಚ್ಚಲಲ್ಲಿ, ನಲ್ಲಿ ನೀರಿನ ಪಕ್ಕವಾದ್ಯದೊಂದಿಗೆ, ನಾನೇ ಹಾಡಿ ಗುಟ್ಟಾಗಿ ರೆಕಾರ್ಡ್ ಮಾಡಿಕೊಂಡ ಗಾಯನ. ಗಾಬರಿಯಲ್ಲಿ ಫೋನು ಕೈಜಾರಿ ಸೀಟಿನಡಿ ಸೇರಿತು. ಪಕ್ಕದ ಸ್ಕೂಟರಿನವನು ನಮ್ಮನ್ನೊಮ್ಮೆ ನೋಡಿ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡ.

"ನಿಲ್ಸಿ!" ಮಾವನವರು ಗುಡುಗಿದರು. ಮೂರು ತಿಂಗಳಲ್ಲಿ ಆ ದನಿ ಕೇಳಿಯೇ ಇರಲಿಲ್ಲ. "ಯಾರವನು ಪಾಪಿ?"

ಹೆಂಡತಿ ಕಾರಿನ ವಾಲ್ಯೂಮ್ ತಗ್ಗಿಸಿ, ಕ್ಷಣವೂ ಯೋಚಿಸದೆ ನನ್ನನ್ನು ಹಿಡಿದುಕೊಟ್ಟಳು. "ನಿಮ್ಮ ಅಳಿಯಂದಿರೇ ಅಪ್ಪ."

ಮಾವನವರು ಮುಂದಕ್ಕೆ ಬಾಗಿದರು. "ಇನ್ನೊಂದ್ಸಲ ಹಾಕಿ."

ಸೀಟಿನಡಿಯ ಫೋನು ಹೆಕ್ಕಿಸಿ, ಆಸ್ಪತ್ರೆ ತಲುಪುವವರೆಗೆ ನಾಲ್ಕು ಸಲ ಹಾಕಿಸಿದರು. ನನ್ನ ಸೀಟಿನ ಬೆನ್ನಿಗೆ ತಾಳ ಬಡಿಯುತ್ತ, "ಇಲ್ಲಿ ಜಾರ್ತೀರಿ! ಮೇಲಕ್ಕೆ ಹೋಗೋವಾಗ ಉಸಿರು ಯಾಕೆ ಕಟ್ತೀರಿ? ಸ್ವರ ಅಲ್ಲಿ ಅಲ್ಲ, ಇಲ್ಲಿ!" ಎಂದು ಕೈಯನ್ನು ತಲೆಯ ಮೇಲಕ್ಕೆತ್ತಿ ತೋರಿಸಿದರು. ಮುರಿದ ಭುಜದ ಕೈ! ಕನ್ನಡಿಯಲ್ಲಿ ಅದನ್ನು ಕಂಡ ಹೆಂಡತಿ, ಮುಂದಿನ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂದರೂ ಕಾರು ಹೊರಡಿಸಲಿಲ್ಲ. ಹಿಂದಿನವರೆಲ್ಲ ಹಾರ್ನ್ ಹೊಡೆದರು.

ಮರುದಿನ ಬೆಳಗ್ಗೆ ಆರಕ್ಕೆ ನಮ್ಮ ಕೋಣೆಯ ಬಾಗಿಲು ಬಡಿದ ಸದ್ದು. ಇಸ್ತ್ರಿ ಅಂಗಿ ತೊಟ್ಟು ಮಾವನವರು ನಿಂತಿದ್ದರು. "ಏಳಿ. ಪಾಠ ಇದೆ."

ಮನೆಯೊಳಗೆ ಬೇಡವೆಂದು ಹೆಂಡತಿ ಕಾರಿನ ಕೀಲಿ ಕೊಟ್ಟಳು. ನಿಂತ ಕಾರಿನಲ್ಲಿ ಗಾಜು ಏರಿಸಿಕೊಂಡು ಒಂದು ಗಂಟೆ ಒಂದೇ ಸ್ವರ ಎಳೆದೆ. ಪಾಠ ಮುಗಿಸಿ ಮಾವನವರು ಹಳೆಯ ಶಿಷ್ಯರಿಗೆ ಫೋನ್ ಮಾಡಬೇಕೆಂದು ಸರಸರ ಒಳಗೆ ನಡೆದರು. ನಾನು ಕಟ್ಟಿದ ಗಂಟಲು ಸವರಿಕೊಳ್ಳುತ್ತ ಇಳಿದೆ.

"ಏನಂದ್ರು ರೀ ಅಪ್ಪ?"

"ನನ್ನ ಕಂಠ ಸರಿಹೋಗೋಕೆ ಹತ್ತು ವರ್ಷ ಬೇಕಂತೆ! ಒಂದು ದಿನಾನೂ ತಪ್ಪಿಸೋ ಹಾಗಿಲ್ವಂತೆ!" ಎಂದು ದೂರಿದೆ.

ಅವಳ ಕಣ್ಣು ತುಂಬಿ ಬಂತು. "ಹತ್ತು ವರ್ಷ ಅಂದ್ರಾ? ಅಪ್ಪನೇ ಅಂದ್ರಾ?" ಎಂದವಳು ನನ್ನ ಫೋನು ಕಸಿದುಕೊಂಡು, ದಿನವೂ ಐದೂವರೆಗೆ ಅಲಾರಂ ಇಟ್ಟಳು.