ಗೋಡೆಯ ಕಡೆಯವನು

ವಿಜಯಪುರ ಜಿಲ್ಲೆಯಲ್ಲೇ ಅತಿ ಹೆಚ್ಚು ಮನೆಗಳಿರುವ ಮನುಷ್ಯ ನನ್ನ ಸೋದರಮಾವ. ನಗಬೇಡಿ! ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಹೋದರೂ ಸಿಮೆಂಟಿನ ಮನೆ ಕಂಡರೆ ಸಾಕು, "ಇದು ನಮ್ಮದು" ಅನ್ನುತ್ತಾನೆ. ತಾನಿರುವುದು ಮಾತ್ರ ಮಸೂತಿ ಎಂಬ ಊರಿನಲ್ಲಿ, ಪತ್ರಾಸಿನ, ಅಂದರೆ ತಗಡಿನ ಸೂರಿನ ಮನೆಯಲ್ಲಿ. ಬೇಸಿಗೆಯಲ್ಲಿ ಅದು ರೊಟ್ಟಿ ಹಂಚು. ಮಳೆ ಬಂದರೆ ಒಳಗೆ ಮಾತು ಕೇಳುವುದಿಲ್ಲ.

ಅವನ ತರ್ಕ ಸರಳ. ಅವನು ರೈಲು ನಿಲ್ದಾಣದ ಗೂಡ್ಸ್ ಶೆಡ್ಡಿನಲ್ಲಿ ಹಮಾಲನಾಗಿದ್ದವನು. ಗೂಡ್ಸ್ ಗಾಡಿ ಬಾರದಿದ್ದರೆ ಸುತ್ತಲಿನ ತಾಲೂಕುಗಳಲ್ಲಿ ಮನೆ ಕಟ್ಟುವ ಗೌಂಡಿಗಳೆಲ್ಲ ಬೀಡಿ ಸೇದುತ್ತ ಕೂರಬೇಕಿತ್ತು. ಬಂದರೂ, ಸಿಮೆಂಟ್ ಚೀಲ ವ್ಯಾಗನ್‌ನಿಂದ ತಾನಾಗಿ ಇಳಿದು ಲಾರಿ ಹತ್ತುತ್ತದೆಯೇ? ಹೊತ್ತವನು ಮಾವ. ಆದ್ದರಿಂದ ಮನೆಯೂ ಅವನದೇ!

ಒಮ್ಮೆ ಸಿಂದಗಿ ಬಸ್ಸಿನಲ್ಲಿ ಕಿಟಕಿಯಾಚೆ ತನ್ನ ಆಸ್ತಿಯನ್ನೆಲ್ಲ ತೋರಿಸುತ್ತಿದ್ದ. ಕಂಡಕ್ಟರ್ ಸುಮ್ಮನಿರಲಿಲ್ಲ.

"ಯಜಮಾನ್ರ, ಇಷ್ಟ ಆಸ್ತಿ ಇಟಗೊಂಡು ಬಸ್ಸಿನ್ಯಾಗ ಯಾಕ ಅಡ್ಡಾಡ್ತೀರಿ? ಒಂದ ಕಾರ್ ತಗೋರಿ."

"ಕಾರ್ ನಾ ಹೊತ್ತಿಲ್ಲಪಾ. ಹೊರಲಾರದ್ದನ್ನ ನಂದು ಅನ್ನಾಕ ಬರ್ತೈತೇನು?"

ಬಸ್ಸೆಲ್ಲ ನಕ್ಕಿತು. ಮಾವನೂ ನಕ್ಕ. ಆ ನಗು ಕೆಮ್ಮಾಯಿತು. ಮುಂದಿನ ಊರು ಬಂದರೂ ಕೆಮ್ಮು ನಿಲ್ಲಲಿಲ್ಲ. 

ಡಾಕ್ಟರು ಎದೆಯ ಫೋಟೋ ತೆಗೆಸಿ, ಸಿಮೆಂಟಿನ ಧೂಳು ಇನ್ನು ಮೂಗಿಗೂ ಸೋಕಬಾರದು ಎಂದರು. ಕೆಲಸ ಬಿಟ್ಟ ಮಾವನಿಗೆ ಊರೂರಿನ ಗೋಡೆಗಳನ್ನು ಮಾತಾಡಿಸುವುದೊಂದೇ ಉಳಿಯಿತು. ಹೊರ್ತಿಯಲ್ಲಿ ಯಾರದೋ ಗೃಹಪ್ರವೇಶಕ್ಕೆ ಕರೆಯದೆಯೇ ನುಗ್ಗಿ, ಗೋಡೆಯ ಬೆನ್ನು ತಟ್ಟಿ, "ಆರಾಮ ಅದೀಯಿಲ್ಲೋ?" ಎಂದು ಕೇಳಿಬಿಟ್ಟ! ಮನೆಯ ಮಾಲೀಕ ಓಡಿಬಂದ.

"ಯಾರ ಕಡ್ಯಾರ್ರಿ ನೀವು? ನಮ್ಮ ಕಡ್ಯಾರೋ, ಬೀಗರ ಕಡ್ಯಾರೋ?"

"ಗ್ವಾಡಿ ಕಡ್ಯಾಂವ್ರಿ."

ಜೊತೆಗೆ ಹೋಗಿದ್ದ ನಾನು ಶಾಮಿಯಾನದ ಹಿಂದೆ ಅಡಗಿದೆ. ಮಾವನಿಗೆ ಎರಡು ಹೋಳಿಗೆ ಹೆಚ್ಚು ಸಿಕ್ಕವು.

ಈ ಕಥೆ ಕೇಳಿ ಅತ್ತೆ ಮಾತ್ರ ನಗಲಿಲ್ಲ.

"ಊರ ಮಂದಿ ತಲಿ ಮ್ಯಾಲೆಲ್ಲ ಸ್ಲ್ಯಾಬ್ ಹಾಕಿಸಿದ್ರಿ. ನನ್ನ ತಲಿ ಮ್ಯಾಲ ಯಾವಾಗ?"

ಮಾವ ತಲೆಯೆತ್ತಿ ಪತ್ರಾಸು ನೋಡಿದ. 

ಕೊನೆಗೆ ಈ ವರ್ಷ ನಾವು ಸೋದರಳಿಯಂದಿರೆಲ್ಲ ಸೇರಿ ಒಂದು ಕೋಣೆ ಕಟ್ಟಿಸತೊಡಗಿದೆವು. ಸ್ಲ್ಯಾಬ್ ಹಾಕುವ ದಿನ ಮಾವನನ್ನು ದೂರದ ಬೇವಿನ ಗಿಡದ ಕೆಳಗೆ, ಮೂಗಿಗೆ ಟವೆಲ್ ಕಟ್ಟಿ ಕೂರಿಸಿದೆವು. ಚೀಲಗಳು ಬೇರೆಯವರ ಹೆಗಲೇರಿ ಹೋಗುತ್ತಿದ್ದವು. ಎಲ್ಲರ ಚೀಲ ಹೊತ್ತವನು ತನ್ನದನ್ನು ಮುಟ್ಟುವಂತಿರಲಿಲ್ಲ!

"ಒಂದ ಚೀಲಾನೂ ನಾ ಹೊರಲಿಲ್ಲೋ," ಎಂದ. "ಹಂಗಾರ ಈ ಮನಿ ನಂದ ಹೆಂಗಾತು?"

ತಮಾಷೆ ಎಂದುಕೊಂಡು ತಿರುಗಿ ನೋಡಿದೆ. ಟವೆಲ್ ಒದ್ದೆಯಾಗಿತ್ತು.

ಒಳಗೆ ಹೋಗುವ ದಿನ ಅವನು ಪಟ್ಟು ಹಿಡಿದ. ಕರೆಯದ ಮನೆಗಳಿಗೆಲ್ಲ ನುಗ್ಗಿದವನು ತನ್ನ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತ. ಒಳಗೆ ಕಾಲಿಡಲಿಲ್ಲ, ಗೋಡೆಯನ್ನೂ ಮುಟ್ಟಲಿಲ್ಲ. ನಾವು ಕರೆದೆವು, ಬೈದೆವು. ಆಗ ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಗಂಡನನ್ನು ಮೇಲಿಂದ ಕೆಳಗೆ ನೋಡಿ, ಬಿಗಿಯಾದ ಮುಖದಲ್ಲಿ ಕೇಳಿದಳು:

"ಯಾರ ಕಡ್ಯಾರ್ರಿ ನೀವು?"

ಮಾವ ಬಾಯಿ ತೆರೆದ. ಕೆಮ್ಮು ಬಂತು, ಉಸಿರು ಸಾಲಲಿಲ್ಲ. ಗೋಡೆಯತ್ತ ಒಮ್ಮೆ ನೋಡಿದ. ಆಮೇಲೆ ಬೆರಳೆತ್ತಿ ಅತ್ತೆಯನ್ನು ತೋರಿಸಿದ.

ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.