ಆಲ್ ಸೀಸನ್ ಅಳಿಯ

ಕಾರಿನ ವಿಷಯದಲ್ಲಿ ನನ್ನ ಮಾತೇ ಕೊನೆಯ ಮಾತು ಎಂದು ಅಮೆರಿಕದ ನಮ್ಮ ಊರು ಪ್ಲಿಮತ್‌ನ ಕನ್ನಡಿಗರೆಲ್ಲ ನಂಬಿದ್ದ ಕಾಲವೊಂದಿತ್ತು. ಅದಕ್ಕೆ ಕಾರಣವೂ ಇತ್ತು. ನಾನು ಪಕ್ಕದ ಊರು ವಿಕ್ಸಮ್‌ನಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ಇಂಜಿನಿಯರ್. ಯಾವ ಬಿಡಿಭಾಗ ಎಂದು ಯಾರೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ಕಾಫಿ ಲೋಟ ಇಡುವ ಕಪ್ ಹೋಲ್ಡರ್! ಉದ್ಯೋಗಕ್ಕೆ ಸೇರಿದಂದಿನಿಂದ ಆ ಗುಂಡಿಯಲ್ಲೇ ಇದ್ದೇನೆ.

ಹೀಗಿರುವಾಗ ನಮ್ಮ ಮನೆಗೇ ಒಂದು ಕ್ರಾಸ್‌ಓವರ್ ಕೊಳ್ಳುವುದೆಂದು ತೀರ್ಮಾನವಾಯಿತು. ಕ್ರಾಸ್‌ಓವರ್ ಎಂದರೆ ಪೂರ್ತಿ ಕಾರೂ ಅಲ್ಲದ, ಪೂರ್ತಿ ಜೀಪೂ ಅಲ್ಲದ, ಆದರೆ ಎರಡರ ಜಂಬವೂ ಇರುವ ವಾಹನ. ಪರೀಕ್ಷೆ ಶಾಸ್ತ್ರೋಕ್ತವಾಗಿರಬೇಕೆಂದು ಷೋರೂಮಿಗೆ ನಾನು ದೊಡ್ಡ ಇಡ್ಲಿ ಪಾತ್ರೆ ಮತ್ತು ಪ್ರಹ್ಲಾದ ಅಂಕಲ್ ಇಬ್ಬರನ್ನೂ ಕರೆದುಕೊಂಡು ಹೋದೆ. ಅಂಕಲ್ ನಮ್ಮ ಪಕ್ಕದ ಮನೆಯವರು, ನಿವೃತ್ತ ಹೆರಿಗೆ ಡಾಕ್ಟರು, ನನ್ನ ಹೆಂಡತಿ ಶೈಲಜಾಗೆ ಈ ದೇಶದಲ್ಲಿ ತಂದೆಯ ಸ್ಥಾನದಲ್ಲಿರುವವರು. ಇಡ್ಲಿ ಪಾತ್ರೆ ಡಿಕ್ಕಿಯಲ್ಲಿ ಸಲೀಸಾಗಿ ಕೂತಿತು. ಅಂಕಲ್ ಮೂರನೇ ಸಾಲಿನ ಸೀಟಿನಲ್ಲಿ ಸಲೀಸಾಗಿ ಕೂತರು. ಪಾತ್ರೆ ಹೊರಗೆ ಬಂತು. ಅಂಕಲ್ ಬರಲಿಲ್ಲ!

ನಾನು ಒಂದು ಕೈ, ಸೇಲ್ಸ್‌ಮನ್ ಒಂದು ಕೈ ಹಿಡಿದು ಎಳೆದೆವು. ಮೊದಲು ತಲೆ ಬಂತು, ಆಮೇಲೆ ಒಂದು ಭುಜ. ಪೂರ್ತಿ ಹೊರಬಿದ್ದ ಮೇಲೆ ಅಂಕಲ್ ಕನ್ನಡಕ ಸರಿಮಾಡಿಕೊಂಡು, "ಜೀವಮಾನವೆಲ್ಲಾ ಹೆರಿಗೆ ಮಾಡಿಸಿದೆ ಕಣಯ್ಯಾ. ಮಗೂ ಪಡೋ ಕಷ್ಟ ಏನು ಅಂತ ಇವತ್ತು ಗೊತ್ತಾಯ್ತು" ಎಂದರು.

ಆದರೂ ಗಾಡಿ ಕೊಂಡೆ. ನಾಲ್ಕೂ ಚಕ್ರಗಳಿಗೆ ಇಂಜಿನ್ ಶಕ್ತಿ ಹೋಗುವ ಗಾಡಿ. ಅದಕ್ಕಿಂತ ಇನ್ನೇನು ಬೇಕು?

"ಚಳಿಗಾಲದ ಟೈರ್ ಬೇಕು" ಎಂದಳು ಶೈಲಜಾ. ಅವಳು ಹುಬ್ಬಳ್ಳಿಯವಳು, ಸುತ್ತಿ ಬಳಸಿ ಮಾತಾಡುವವಳಲ್ಲ. "ಹಿಮ ಬೀಳಾಕ ಶುರು ಆಗೋದ್ರಾಗ ಹಾಕಸ್ರಿ. ಮುಂದಿನ ತಿಂಗಳ ಇಟಾಸ್ಕಾಕ್ಕ ಹೋಗೂದೈತಿ, ನೆನಪೈತಿಲ್ಲೊ?"

ನೆನಪಿಲ್ಲದೆ ಏನು! ಶಿಕಾಗೊ ಪಕ್ಕದ ಇಟಾಸ್ಕಾದಲ್ಲಿರುವ ಅವಳ ತಂಗಿ ಸುಮಾಗೆ ಕುಬಸ. ನಮ್ಮ ಮೈಸೂರಿನ ಕಡೆ ಸೀಮಂತ ಅನ್ನುತ್ತೇವಲ್ಲ, ಅದೇ. ಅತ್ತೆಯವರಿಗೆ ವೀಸಾ ಸಿಗದೆ ಹುಬ್ಬಳ್ಳಿಯಲ್ಲೇ ಉಳಿದಿದ್ದರು. ತವರಿನ ಹಸಿರು ಸೀರೆ, ಹಸಿರು ಬಳೆ, ಐದು ಥರದ ಅನ್ನ, ಎಲ್ಲವನ್ನೂ ತಾಯಿಯ ಬದಲು ಅಕ್ಕನೇ ಒಯ್ಯಬೇಕು. ಮಧ್ಯಾಹ್ನದೊಳಗೆ ಉಡಿ ತುಂಬಬೇಕು.

"ಈಗಿರೋದು ಆಲ್ ಸೀಸನ್ ಟೈರು ಶೈಲೂ" ಎಂದು ನಾನು ಸಮಾಧಾನವಾಗಿ ವಿವರಿಸಿದೆ. "ಆಲ್ ಸೀಸನ್ ಅಂದ್ರೆ ಎಲ್ಲಾ ಋತು. ವಸಂತ, ಗ್ರೀಷ್ಮ, ವರ್ಷ, ಶರತ್, ಹೇಮಂತ, ಶಿಶಿರ. ಆರೂ ಬಂತಲ್ಲ?"

"ಟೈರ್ ಮಾಡಿದಂವಗ ಪಂಚಾಂಗ ಗೊತ್ತಿಲ್ಲರಿ" ಎಂದಳು.

ಅಂಕಲ್ ಕೂಡ ಅವಳ ಪಕ್ಷ ಸೇರಿದ್ದರಿಂದ ನಾನು ಬಹುಮತಕ್ಕೆ ತಲೆಬಾಗಿದೆ. ಅಂದು ಸಂಜೆ ಗರಾಜಿಗೆ ಹೋದೆ. ಬಲ್ಬು ಕೆಟ್ಟಿತ್ತು. ಫೋನಿನ ಬೆಳಕಿನಲ್ಲಿ ಬಗ್ಗಿ, ಟೈರಿನ ಮೇಲಿದ್ದ ಅಳತೆ ನೋಡಿಕೊಂಡು, ಅಲ್ಲೇ ನಿಂತು ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದೆ. ಟೈರುಗಳು ಬಂದವು. ಲೇಬಲ್‌ಗಳನ್ನೆಲ್ಲ ಕಿತ್ತು, ರಬ್ಬರ್ ಮೂಸಿ, ಬೆರಳಿಂದ ಒತ್ತಿ, "ಉತ್ತಮ" ಎಂದು ಘೋಷಿಸಿ, ಹೊಸ ಗಾಡಿಯಲ್ಲಿ ತುಂಬಿಕೊಂಡು ಟೈರ್ ಅಂಗಡಿಗೆ ಹೋದೆ.

ಅಂಗಡಿಯವನು ಟೈರ್ ನೋಡಿದ, ಗಾಡಿ ನೋಡಿದ, ನನ್ನನ್ನು ನೋಡಿದ. "ರಾಂಗ್ ಕಾರ್, ಬಡ್ಡಿ" ಎಂದ. ಬಡ್ಡಿ ಎಂದು ಇಂಗ್ಲಿಷಿನಲ್ಲಿ ಅಂದನೋ ಕನ್ನಡದಲ್ಲಿ ಅಂದನೋ ತಿಳಿಯಲಿಲ್ಲ. ಎರಡೂ ಸರಿಹೊಂದುತ್ತಿತ್ತು.

ಆಗಿದ್ದಿಷ್ಟು: ಅಂದು ಶೈಲಜಾ ತನ್ನ ಹಳೆಯ ಪುಟ್ಟ ಕಾರನ್ನು ನನ್ನ ಜಾಗದಲ್ಲಿ ನಿಲ್ಲಿಸಿದ್ದಳು. ಕತ್ತಲಲ್ಲಿ ನಾನು ಅಳತೆ ತೆಗೆದದ್ದು ಅದರದು! ಲೇಬಲ್ ಕಿತ್ತ ಮಾಲು ವಾಪಸ್ ಹೋಗುವುದಿಲ್ಲ. ಗಾಡಿಗಳ ಮಹಾಪಂಡಿತ ಈಗ ಯಾವ ಮುಖ ಹೊತ್ತು ಮನೆಗೆ ಹೋಗಬೇಕು? ದಾರಿಯಲ್ಲಿ ಒಂದು ದಿವ್ಯ ಉಪಾಯ ಹೊಳೆಯಿತು.

"ಶೈಲೂ, ಇವು ನಿನ್ನ ಕಾರಿಗೆ!" ಎಂದೆ. "ನನ್ನದು ಹೇಗೋ ನಡೆಯುತ್ತೆ. ನೀನು ಕ್ಷೇಮವಾಗಿರಬೇಕು."

ಅವಳ ಕಣ್ಣು ತುಂಬಿಬಂತು. ಮದುವೆಯಾದ ಮೇಲೆ ನಾನು ಒಂದೇ ಸಲಕ್ಕೆ ನಾಲ್ಕು ಉಡುಗೊರೆ ಕೊಟ್ಟದ್ದು ಅದೇ ಮೊದಲು. ಟೈರ್ ಹಾಕಿಸಿದ ದಿನ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತಿದಳು. ಹುಬ್ಬಳ್ಳಿಗೆ ಫೋನ್ ಹೋಯಿತು. "ಎಂಥಾ ಅಳಿಯಾ ಸಿಕ್ಕಾರ!" ಎಂದು ಅತ್ತೆ ಓಣಿಗೆಲ್ಲ ಹೇಳಿದರಂತೆ. ಇನ್ನು ಸತ್ಯ ಹೇಳುವುದು ಕುಟುಂಬದ್ರೋಹವಾಗುತ್ತಿತ್ತು.

ಕುಬಸದ ಹಿಂದಿನ ದಿನವೆಲ್ಲ ಹಿಮ ಬಿತ್ತು. "ಹಳೇ ಕಾರಿನಾಗ ಹೋಗೂಣು" ಎಂದಳು ಶೈಲಜಾ. ಮೈಸೂರಿನ ಸ್ವಾಭಿಮಾನ ಒಪ್ಪೀತೆ? ಇನ್ನೂ ನಸುಕಿರುವಾಗಲೇ ಸೀರೆ, ಬಳೆ, ಅನ್ನದ ಡಬ್ಬಿಗಳು, ಶೈಲಜಾ, ಮಗಳು ಅನ್ವಿ, ಹಿರಿಯರಾಗಿ ಆಶೀರ್ವಾದ ಮಾಡಲು ಅಂಕಲ್, ಎಲ್ಲವನ್ನೂ ಎಲ್ಲರನ್ನೂ ಕ್ರಾಸ್‌ಓವರಿಗೆ ಹತ್ತಿಸಿದೆ. ಅಂಕಲ್ ಮೂರನೇ ಸಾಲನ್ನು ಖಡಾಖಂಡಿತವಾಗಿ ನಿರಾಕರಿಸಿ ಮುಂದೆ ಕೂತರು.

ಗಾಡಿ ಹಿಮ ಸೀಳಿಕೊಂಡು ಹೊರಟಿತು. "ನೋಡಿದ್ರಾ ಅಂಕಲ್? ನಾಲ್ಕೂ ಚಕ್ರ!" ಎಂದೆ.

ಸಬ್‌ಡಿವಿಷನ್ ಎಂದು ಕರೆಯುವ ನಮ್ಮ ಬಡಾವಣೆಯಿಂದ ಹೊರಗೆ ಹೋಗುವಲ್ಲಿ ಒಂದು ಇಳಿಜಾರು, ಕೊನೆಗೆ ಸ್ಟಾಪ್ ಸೈನ್. ಬ್ರೇಕ್ ಒತ್ತಿದೆ. ಹಿಮದ ಕೆಳಗೆ ಗಾಜಿನಂಥ ಐಸ್. ನಾಲ್ಕೂ ಚಕ್ರಗಳು ಅಪೂರ್ವ ಒಗ್ಗಟ್ಟಿನಿಂದ ಜಾರಿದವು!

"ಡ್ಯಾಡ್, ವೈ ಆರ್ ವಿ ಗೋಯಿಂಗ್ ಸೈಡ್‌ವೇಸ್?" ಅನ್ವಿ ಕುತೂಹಲದಿಂದ ಕೇಳಿದಳು.

ಗಾಡಿ ಸಬ್‌ಡಿವಿಷನ್‌ನ ಹೆಸರು ಬರೆದ ಕಲ್ಲಿಗೆ ನಿಧಾನವಾಗಿ ಅರ್ಧ ಪ್ರದಕ್ಷಿಣೆ ಹಾಕಿ, ಹಿಮದ ಗುಡ್ಡೆಯೊಂದಕ್ಕೆ ಮೂತಿ ತೂರಿಸಿ ನಮಸ್ಕಾರ ಮಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಬಳೆ ಕೂಡ ಒಡೆಯಲಿಲ್ಲ. ಒಡೆದದ್ದು ನನ್ನ ಕೀರ್ತಿ ಮಾತ್ರ.

"ನಾಲ್ಕು ಚಕ್ರ ತಿರುಗೋದು ಹೊರಡೋಕೆ ಕಣಯ್ಯಾ" ಎಂದರು ಅಂಕಲ್, ಮಡಿಲಲ್ಲಿದ್ದ ಹೂವಿನ ಬುಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡೇ. "ನಿಲ್ಲೋಕೆ ಟೈರೇ ಬೇಕು."

ಹಿಂದೆ ಮುಂದೆ ಎಷ್ಟು ತಿಣುಕಿದರೂ ಗಾಡಿ ಕದಲಲಿಲ್ಲ. ಎಳೆಯುವ ಟ್ರಕ್ಕಿನವರಿಗೆ ಫೋನ್ ಮಾಡಿದರೆ, ಊರೆಲ್ಲ ಜಾರಿ ಬಿದ್ದಿದೆ, ನಿಮ್ಮ ಸರದಿ ನಾಳೆ ಎಂದರು. ಶೈಲಜಾ ಇಳಿದು ಹಿಮದಲ್ಲಿ ನಿಂತಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅಳು ಇತ್ತು. "ಅಲ್ಲಿ ಅಕಿ ದಾರಿ ಕಾಯಾಕತ್ತಾಳ. ಅವ್ವನೂ ಇಲ್ಲ, ನಾನೂ ಹೋಗ್ಲಿಲ್ಲಂದ್ರ..." ಎಂದಳು. ಮೊದಲ ಬಾರಿಗೆ ನನಗೆ ನಿಜವಾಗಿ ನಾಚಿಕೆಯಾಯಿತು.

ಮರುಕ್ಷಣ ಅವಳೇ ಕಣ್ಣೊರೆಸಿಕೊಂಡು ಮನೆಯತ್ತ ನಡೆದು, ತನ್ನ ಪುಟ್ಟ ಕಾರು ತಂದಳು. ಅದೇ ಇಳಿಜಾರು, ಅದೇ ಐಸ್. ಕಾರು ಬಂದು, ಹೇಳಿದ ಮಾತು ಕೇಳುವ ಮಗುವಿನಂತೆ ನಿಂತಿತು.

"ಈ ಟೈರ್ ಎಷ್ಟ ಚಲೋ ಅವ! ಇಂಥಾವು ಹೊಸಾ ಗಾಡಿಗೂ ಹಾಕಸೂದು ಬಿಟ್ಟು, ನನ್ನ ಕಾರಿಗೆ ಅಷ್ಟ ಯಾಕ ಹಾಕಸಿದ್ರಿ?"

"ಅದು... ಪ್ರೀತಿ..."

"ಖರೇ ಹೇಳ್ರಿ."

ಹೇಳಿಬಿಟ್ಟೆ. ಗರಾಜು, ಬಲ್ಬು, ಬಡ್ಡಿ, ಎಲ್ಲವನ್ನೂ. ಅವಳು ಟೈರುಗಳನ್ನೇ ನೋಡುತ್ತಾ, "ಆರತಿ ಎತ್ತೀನಲ್ಲರಿ ಇವಕ್ಕ!" ಎಂದಳು. ಅಂಕಲ್ ಆಕಾಶ ನೋಡತೊಡಗಿದರು. ಅವರ ಭುಜಗಳು ಕುಲುಕುತ್ತಿದ್ದವು.

"ಹೋಗ್ಲಿ, ತಪ್ಪಿಯಾದ್ರೂ ಒಂದು ಶಾಣ್ಯಾ ಕೆಲಸ ಮಾಡೀರಿ. ಹಿಂದ ಕುಂದರ್ರಿ."

ಡಿಕ್ಕಿಯಲ್ಲಿ ಸೀರೆ, ಬಳೆ ಹಿಡಿದವು. ಅನ್ನದ ಡಬ್ಬಿಗಳಿಗೆ ನನ್ನ ತೊಡೆಯೇ ಗತಿ. ಎಡ ತೊಡೆಯ ಮೇಲೆ ಬಿಸಿಬಿಸಿ ಚಿತ್ರಾನ್ನ, ಬಲ ತೊಡೆಯ ಮೇಲೆ ಫ್ರಿಜ್ಜಿನಿಂದ ತೆಗೆದ ಮೊಸರನ್ನ. ಒಂದು ಕಡೆ ಗ್ರೀಷ್ಮ, ಇನ್ನೊಂದು ಕಡೆ ಶಿಶಿರ. ಆಲ್ ಸೀಸನ್ ಎಂದರೆ ಏನೆಂದು ನನಗೆ ಅನುಭವಪೂರ್ವಕವಾಗಿ ತಿಳಿಯಿತು!

ದಾರಿಯಲ್ಲಿ ಸಿಗುವ ಇಂಡಿಯಾನಾ ರಾಜ್ಯದಲ್ಲಿ ಕಾಲವಲಯ ಬದಲಾಗಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿದು ನಮ್ಮನ್ನು ಕಾಪಾಡಿತು. ಇಟಾಸ್ಕಾ ತಲುಪಿದಾಗ ಇನ್ನೂ ಮಧ್ಯಾಹ್ನವಾಗಿರಲಿಲ್ಲ. ಅಕ್ಕನನ್ನು ಕಂಡು ಸುಮಾ ಬಾಗಿಲಲ್ಲೇ ಅತ್ತಳು. ಶೈಲಜಾ ಅವಳಿಗೆ ಒಂದೊಂದೇ ಹಸಿರು ಬಳೆ ತೊಡಿಸುವುದನ್ನು ಹುಬ್ಬಳ್ಳಿಯ ಅತ್ತೆ ವಿಡಿಯೊದಲ್ಲಿ ಕಣ್ಣು ಮಿಟುಕಿಸದೆ ನೋಡಿದರು. ಕಣ್ಣೊರೆಸಿಕೊಂಡು, "ಅಳಿಯಂದ್ರ ಎಲ್ಲಿ? ಹೊಸಾ ಗಾಡಿ ತೋರಸ್ರಿ!" ಎಂದರು.

"ಅದು ವಿಶ್ರಾಂತಿ ತಗೋತಾ ಇದೆ ಅತ್ತೆ" ಎಂದೆ. ಅದು ಸುಳ್ಳಲ್ಲ.

ಮರುದಿನ ಹಿಂತಿರುಗಿದಾಗ ಪ್ಲಿಮತ್‌ನಲ್ಲಿ ಬಿಸಿಲು. ಟ್ರಕ್ಕಿನವರು ಇನ್ನೂ ಬಂದಿರಲಿಲ್ಲ. ಗಾಡಿ ಮೂತಿ ಹುದುಗಿಸಿಕೊಂಡು ಅಲ್ಲೇ ಇತ್ತು. ಆದರೆ ಒಂಟಿಯಾಗಿರಲಿಲ್ಲ. ಬೀದಿಯ ಮಕ್ಕಳು ಡ್ರೈವರ್ ಬಾಗಿಲ ಪಕ್ಕದಲ್ಲೇ ಒಂದು ದಪ್ಪ ಹಿಮದ ಮನುಷ್ಯನನ್ನು ಮಾಡಿ ನಿಲ್ಲಿಸಿದ್ದರು. ಕ್ಯಾರೆಟ್ ಮೂಗು, ತಲೆಗೊಂದು ಟೋಪಿ, ಕಡ್ಡಿಯ ಕೈ ಬಾಗಿಲ ಹಿಡಿಕೆಯ ಮೇಲೆ.

ಶೈಲಜಾ ಇಳಿದು ಫೋಟೊ ತೆಗೆದಳು. ಮನೆಯ ಬಾಗಿಲು ತೆಗೆಯುವಷ್ಟರಲ್ಲಿ ಅದು ಹುಬ್ಬಳ್ಳಿ, ಮೈಸೂರು, ಇಟಾಸ್ಕಾಗಳನ್ನು ಒಳಗೊಂಡ ಕುಟುಂಬದ ಗುಂಪಿನಲ್ಲಿತ್ತು. ಕೆಳಗೆ ಅವಳು ಬರೆದಿದ್ದಳು: "ಹೊಸಾ ಡ್ರೈವರ್ ಸಿಕ್ಕಾನ. ಮಾತು ಕಡಿಮಿ."

ಮೊದಲ ಲೈಕ್ ಅತ್ತೆಯವರದು. ಎರಡನೆಯದನ್ನು ನಾನೇ ಒತ್ತಿದೆ.